ಕುಂಕುಮದ ಭರಣಿಯಲ್ಲಿ ಏಳು ಚೂರು

"ಕೇಳ್ರಪ್ಪೋ ಕೇಳ್ರಿ! ಕೆಂಬರೆದುರ್ಗದ ದೊರೆ ಹಟ್ಟಿನಾಯಕರ ಅಪ್ಪಣೆ! ಮಗಳು ನಾಗಲಾಂಬೆಯ ಮೂರು ಒಗಟು ಒಡೆದವನಿಗೆ ಅವಳನ್ನೇ ಧಾರೆಯೆರೆದು ಅರ್ಧ ಸೀಮೆ ಕೊಡ್ತಾರೆ. ಒಡೆಯಲಾರದವನಿಗೆ ಅಮಾವಾಸ್ಯೆ ದಿನ ಗಲ್ಲು. ಅಲ್ಲೀತನಕ ಯಾರೂ ಗೆಲ್ಲದಿದ್ರೆ ಹುಡುಗಿ ದಳವಾಯಿ ಚಿಕ್ಕಲಿಂಗಯ್ಯನವರಿಗೆ!"

ಡಂಗುರದವನು ತಮಟೆ ಬಡಿಯುತ್ತ ಎರಕದವರ ಕೇರಿ ದಾಟುವಾಗ, ಆ ಕೇರಿಯ ಹುಡುಗ ಕಾಟ ತಣ್ಣಗೆ ಬಿದ್ದಿದ್ದ ಒಲೆಯ ಮುಂದೆ ಕೂತಿದ್ದ. ಕೋವಿಗೆ ಸೀಸದ ಗುಂಡು ಎರೆಯುವುದು ಅವರ ಮನೆಯ ಕಸುಬು. ಅವನಪ್ಪ ಸೂರಪ್ಪ ಎರಕದಲ್ಲೂ ಎತ್ತಿದ ಕೈ, ಗುರಿಯಲ್ಲೂ ಎತ್ತಿದ ಕೈ. ಹೋದ ವರ್ಷದ ಹಂದಿಬೇಟೆಯಲ್ಲಿ ದೊರೆಯ ಒಬ್ಬನೇ ಮಗ ಎದೆಗೆ ಗುಂಡು ಬಿದ್ದು ಸತ್ತ. "ಮುನ್ನೂರು ಹೆಜ್ಜೆ ಆಚೆ, ಕಾಗೆಕಲ್ಲಿನ ಮೇಲಿಂದ ಸೂರಪ್ಪನೇ ಹೊಡೆದ. ನಾನು ಕಣ್ಣಾರೆ ಕಂಡೆ. ಯುವರಾಜರ ಹತ್ತು ಹೆಜ್ಜೆಯೊಳಗೆ ನನ್ನ ಬಿಟ್ಟು ಇನ್ನೊಂದು ನರಪಿಳ್ಳೆ ಇರಲಿಲ್ಲ," ಎಂದು ದಳವಾಯಿ ತುಂಬಿದ ಸಭೆಯಲ್ಲಿ ಆಣೆಯಿಟ್ಟ. ಸೂರಪ್ಪನನ್ನು ಕೋಟೆ ಮುಂದಿನ ಹುಣಸೆಮರಕ್ಕೆ ನೇತುಹಾಕಿದರು. ಅವತ್ತಿನಿಂದ ಕಾಟನ ತಾಯಿ ಮಾರಕ್ಕ ಎರಕದ ಒಲೆ ಹಚ್ಚಲಿಲ್ಲ.

ಬೇಟೆಯ ಮಾಂಸದೊಳಗೆ ಸಿಕ್ಕ ಸೀಸವನ್ನು ಹೆಕ್ಕಿ ಎರಕದವರಿಗೆ ಹಿಂದಿರುಗಿಸಬೇಕು. ಅದು ಆ ಸೀಮೆಯ ಕಟ್ಟಳೆ. ಯುವರಾಜನ ಎದೆ ಹೊಕ್ಕ ಗುಂಡೊಂದು ಮಾತ್ರ ಕಾಟನ ಮನೆಗೆ ಬಂದಿರಲಿಲ್ಲ.

"ಹೋಗಬೇಡ ಮಗಾ. ಮನೆಗೊಂದು ಹೆಣ ಸಾಕು," ಎಂದಳು ಮಾರಕ್ಕ.

"ರಾಜಕುಮಾರಿ ಆಸೆಗೆ ಹೋಗ್ತಿಲ್ಲ ಕಣವ್ವಾ. ನಮ್ಮಂಥವರನ್ನ ಅರಮನೆ ಮೆಟ್ಟಿಲು ಹತ್ತಿಸೋದು ಈ ಒಗಟು ಒಂದೇ. ಆ ದಳವಾಯಿ ಮೀಸೆ ತಿರುವೋ ಕೈ ನಿಲ್ಲೋದನ್ನ ನಾನು ನೋಡ್ಬೇಕು."

ಅರಮನೆಯಲ್ಲಿ ಆಗಲೇ ಇಬ್ಬರು ಸಾಲಲ್ಲಿ ನಿಂತಿದ್ದರು. ನಾಗಲಾಂಬೆ ಮೊದಲ ಒಗಟು ಹೇಳಿದಳು: "ಹುಟ್ಟುವಾಗ ನೀರು, ಆರಿದ ಮೇಲೆ ಕಲ್ಲು. ಅವನ ಕೂಗು ಕೇಳುವ ಮೊದಲೇ ಅವನು ಮನೆ ಹೊಕ್ಕಿರುತ್ತಾನೆ. ಯಾರವನು?"

ಜರಿಪೇಟದ ಪಾಳೆಗಾರನ ಮಗ ಎದೆಯುಬ್ಬಿಸಿ, "ಆಲಿಕಲ್ಲು!" ಎಂದ.

"ಆಲಿಕಲ್ಲು ಹೆಂಚಿನ ಮೇಲೆ ತಮಟೆ ಬಡಿದೇ ಬರುತ್ತೆ. ಎಳೆದುಕೊಂಡು ಹೋಗಿ," ಎಂದಳು.

ಶಾಸ್ತ್ರ ಓದಿದ ಎರಡನೆಯವನು ಗಡ್ಡ ನೀವುತ್ತ, "ಉಪ್ಪು," ಎಂದ.

"ಉಪ್ಪು ಯಾವತ್ತು ಕೂಗಿತು ಸ್ವಾಮೀ?"

ಅವನನ್ನೂ ಬುರುಜಿನ ಸೆರೆಗೆ ನೂಕಿದರು. ಕಾಟ ಮುಂದೆ ಬಂದ. ದಳವಾಯಿ ಹೊಟ್ಟೆ ಕುಲುಕಿಸಿ ನಕ್ಕ. "ಏನೋ, ನಿನ್ನಪ್ಪನ ಹಗ್ಗ ಇನ್ನೂ ಮರದಲ್ಲೇ ಐತೆ. ಅಳತೆ ನೋಡ್ಕೊಂಡು ಬಂದ್ಯೇನೋ?"

"ನೋಡ್ಕೊಂಡೇ ಬಂದೆ ಬುದ್ಧೀ. ನನ್ನ ಕತ್ತಿಗೆ ಸಡಿಲ, ದಪ್ಪ ಕತ್ತಿಗೆ ಸರಿಹೋಗ್ತದೆ." ಆಮೇಲೆ ರಾಜಕುಮಾರಿಯತ್ತ ತಿರುಗಿದ. "ಸೀಸದ ಗುಂಡು, ಅಮ್ಮಣ್ಣೀ. ಕರಗಿದಾಗ ನೀರು, ಆರಿದ್ರೆ ಕಲ್ಲು. ಸದ್ದು ಕೇಳೋ ಹೊತ್ತಿಗೆ ಮಿಕದ ಮೈಯೊಳಗಿರ್ತದೆ."

ಮೀಸೆಯ ಮೇಲಿದ್ದ ದಳವಾಯಿಯ ಕೈ ಅಲ್ಲೇ ನಿಂತಿತು.

"ಎರಡನೆಯದು ಕೇಳು," ಎಂದಳು ನಾಗಲಾಂಬೆ. "ಮೂವರೂ ಒಂದೇ ಅಚ್ಚಿನ ಅಣ್ಣತಮ್ಮಂದಿರು. ದೌಡಾಯಿಸಿ ಬಂದವನು ಬಾಗಿಲಲ್ಲೇ ಚೂರಾದ. ಓಡಿ ಬಂದವನು ಒಳಗೆ ಹೋಗಿ ಅರಳಿದ. ದಣಿದು ಬಂದವನು ಹುಟ್ಟಿದ ಹಾಗೇ ಉಳಿದ. ಯಾಕೆ?"

"ಸಗಣಿ ತಟ್ಟೋ ಯಾವ ಹೆಂಗಸನ್ನ ಕೇಳಿದ್ರೂ ಹೇಳ್ತಾಳೆ," ಎಂದ ಕಾಟ. "ಗೋಡೆಗೆ ಮೆಲ್ಲಗೆ ಇಟ್ರೆ ಮುದ್ದೆ, ಬೀಸಿ ಬಡಿದ್ರೆ ಬೆರಣಿ, ಇನ್ನೂ ಬಿರುಸಾಗಿ ಬಡಿದ್ರೆ ಬಡಿದವಳ ಮೂಗಿಗೇ ಸಿಡೀತದೆ. ಗುಂಡೂ ಹಾಗೇ. ಹತ್ತಿರದಿಂದ ಹೊಡೆದದ್ದು ವೇಗ ತಡೀಲಾರದೆ ಎಲುಬಿಗೆ ಬಡಿದು ಚೂರಾಗ್ತದೆ. ನೂರು ಹೆಜ್ಜೆಯಿಂದ ಬಂದದ್ದು ಅಣಬೆ ಹಾಗೆ ಅರಳ್ತದೆ. ಮುನ್ನೂರು ಹೆಜ್ಜೆ ದಾಟಿದ್ದು ದಣಿದಿರ್ತದೆ, ಕೊಲ್ಲುತ್ತೆ ನಿಜ, ಆದ್ರೆ ಎರೆದ ಹಾಗೇ ದುಂಡಗೆ ಸಿಗ್ತದೆ."

ನಾಗಲಾಂಬೆ ಸೆರಗಿನೊಳಗಿಂದ ಒಂದು ಬೆಳ್ಳಿಯ ಕುಂಕುಮದ ಭರಣಿ ತೆಗೆದು ಅವನ ಅಂಗೈಗೆ ಸುರಿದಳು. ಏಳು ಸೀಸದ ಚೂರು. ಒಂದೊಂದೂ ಹುಣಸೆಬೀಜಕ್ಕಿಂತ ಚಿಕ್ಕದು.

"ಮೂರನೆಯದು. ಇವು ಹೆಣ ತೊಳೆಯುವಾಗ ನನ್ನಣ್ಣನ ಎದೆಯಲ್ಲಿ ನನಗೆ ಸಿಕ್ಕಿದವು. ಯಾರ ಕೋವಿಯವು?"

ಕಾಟ ಒಂದು ಚೂರನ್ನು ಬೆಳಕಿಗೆ ಹಿಡಿದ. ಒಂದು ವರ್ಷ ಅವನು ಹುಡುಕಿದ್ದ ಸೀಸ ಅದು. "ಯಾರದೆಂದು ನಾನು ಹೇಳಬೇಕಿಲ್ಲ ಅಮ್ಮಣ್ಣೀ, ದಳವಾಯಿಗಳೇ ಆಣೆಯಿಟ್ಟು ಹೇಳಿಯಾಗಿದೆ. ಇದು ಹತ್ತು ಹೆಜ್ಜೆಯ ಗುಂಡು. ಹತ್ತು ಹೆಜ್ಜೆಯೊಳಗೆ ಅವರ ಬಿಟ್ಟು ಇನ್ನೊಂದು ನರಪಿಳ್ಳೆ ಇರಲಿಲ್ಲವಂತೆ."

"ಸುಳ್ಳು! ಸೀಸಕ್ಕೆ ಬಾಯಿ ಬಂತಾ?" ಎಂದು ದಳವಾಯಿ ಕಿರುಚಿದ.

ದೊರೆ ಎದ್ದು ನಿಂತ. ಅಡುಗೆಮನೆಗೆ ಕಡಿದಿದ್ದ ಮೂರು ಕುರಿ ತರಿಸಿ ಬಯಲಲ್ಲಿ ತೂಗುಹಾಕಿಸಿದ. ಒಂದೇ ಕೋವಿ, ಒಂದೇ ಅಳತೆಯ ಮದ್ದು. ಹತ್ತು, ನೂರು, ಮುನ್ನೂರು ಹೆಜ್ಜೆಯಿಂದ ಹೊಡೆಸಿ, ಹೆಕ್ಕಿದ ಸೀಸವನ್ನು ಮೂರು ತಟ್ಟೆಯಲ್ಲಿ ಇಡಿಸಿದ. ಮೊದಲ ತಟ್ಟೆಯಲ್ಲಿ ಚೂರು. ಎರಡನೆಯದರಲ್ಲಿ ಅಣಬೆ. ಮೂರನೆಯದರಲ್ಲಿ ದುಂಡು ಗುಂಡು, ಗೋಲಿಯಂತೆ ಉರುಳಾಡಿತು.

ದಳವಾಯಿ ದೊರೆಯ ಕಾಲಿಗೆ ಬಿದ್ದ. "ಕೈ ಜಾರಿತು ಬುದ್ಧೀ..."

"ಕೈ ಜಾರಿದ್ರೆ ಇನ್ನೊಬ್ಬನ ಕತ್ತಿಗೆ ಯಾಕೋ ಹಗ್ಗ ಹಾಕಿಸಿದೆ?" ದೊರೆ ಕಾಲು ಹಿಂದಕ್ಕೆಳೆದುಕೊಂಡ. "ನನ್ನ ಮಗನನ್ನ ಕೊಂದೆ. ನನ್ನ ಕೈಯಲ್ಲಿ ಒಬ್ಬ ನಿರಪರಾಧಿಯನ್ನೂ ಕೊಲ್ಲಿಸಿದೆ."

ನಾಗಲಾಂಬೆ ಕಾಟನಿಗೆ ಹೇಳಿದಳು: "ನಾನು ಹೇಳಿದ್ರೆ ತಂಗಿಯ ಅಳು ಅಂತಿದ್ರು. ಕಸುಬು ಬಲ್ಲವನು ಬರಲಿ ಅಂತಲೇ ಡಂಗುರ ಹೊಡೆಸಿದೆ. ಏನು ಬೇಕೋ ಕೇಳು."

"ಅವತ್ತು ಅರಮನೆಯವರು ಕಿತ್ಕೊಂಡ ನನ್ನಪ್ಪನ ಕೋವಿ," ಎಂದ ಕಾಟ.

ಆ ಏಳು ಚೂರನ್ನೂ ಸಭೆಯೆದುರೇ ಕರಗಿಸಿ, ಕಡಿಮೆ ಬಿದ್ದಷ್ಟು ಹೊಸ ಸೀಸ ಸೇರಿಸಿ ಒಂದು ಗುಂಡು ಎರೆದ. ದೊರೆಯ ಅಪ್ಪಣೆಯಂತೆ ಯುವರಾಜ ಬಿದ್ದ ಜಾಗದಲ್ಲಿ ದಳವಾಯಿಯನ್ನು ನಿಲ್ಲಿಸಿದರು. ಕಾಟ ಕಾಗೆಕಲ್ಲು ಹತ್ತಿದ. ಒಂದೇ ಗುಂಡು, ಒಂದೇ ಸಲ. ದಳವಾಯಿಗೆ ಅದರ ಸದ್ದು ಕೇಳಲಿಲ್ಲ.

ಮದುವೆಯಾಯಿತು, ಅರ್ಧ ಸೀಮೆಯೂ ಬಂತು. ಸೆರೆಯಿಂದ ಬಿಟ್ಟ ಇಬ್ಬರೂ ಪಂಕ್ತಿಯಲ್ಲಿ ಕೂತು ಉಂಡರು. ಶಾಸ್ತ್ರದವನು ಮಾತ್ರ ಎಲೆಯ ತುದಿಗೆ ಉಪ್ಪು ಬಡಿಸಗೊಡಲಿಲ್ಲ.

ಕಟ್ಟಳೆಯಂತೆ ಆ ಗುಂಡು ಎರಕದವರ ಮನೆಗೆ ಮರಳಿ ಬಂತು. ಮಾರಕ್ಕ ಅದನ್ನು ಅಂಗೈ ಮೇಲೆ ಉರುಳಿಸಿ ನೋಡಿದಳು. ಎಲ್ಲೂ ಮುಕ್ಕಾಗಿರಲಿಲ್ಲ.

"ನಿಮ್ಮಪ್ಪ ಹೊಡೆದಿದ್ರೆ ಹೀಗಿರ್ತಿತ್ತು ಕಣೋ," ಎಂದಳು. ಸೆರಗು ಬಿಗಿದುಕೊಂಡು, ಒಂದು ವರ್ಷದ ಬೂದಿ ಗೋರಿ ತೆಗೆದು, ಒಲೆ ಹಚ್ಚಿದಳು.