ಪೂಣಚ್ಚ ಸ್ಕೋಪು ತಂದ ಕತೆ

ನಗೋಕೆ ಪುರುಸೊತ್ತಿದ್ದರೆ ಹತ್ತಿರ ಬನ್ನಿ. ಕೊಡಗಿನ ಒಂದೂರಲ್ಲಿ ಬೊಳ್ಳವ್ವ ಅಂತ ಒಬ್ಬ ತಾಯಿ, ಅವಳಿಗೆ ಪೂಣಚ್ಚ ಅಂತ ಒಬ್ಬನೇ ಮಗ. ಆಳು ನೋಡಿದರೆ ಆರಡಿ. ಬುದ್ಧಿ ನೋಡಿದರೆ... ಬಿಡಿ, ನೀವೇ ನೋಡ್ತೀರಿ. ಆದರೆ ಧೈರ್ಯಕ್ಕೇನೂ ಕಮ್ಮಿ ಇಲ್ಲ. ಏನು ಹೇಳಿದರೂ "ಅಷ್ಟೇ ತಾನೇ ಅವ್ವಾ? ಆಯ್ತು ಅಂತಲೇ ತಿಳ್ಕೋ!" ಅನ್ನೋನು. ಬೊಳ್ಳವ್ವ ಹಣೆ ಚಚ್ಚಿಕೊಳ್ಳೋಳು.

ಕೈಲ್ ಮುಹೂರ್ತದ ಹಬ್ಬ ಬಂತು. ಕೋವಿಗೆ ಪೂಜೆ ಮಾಡಿ, ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ, ಗುರಿ ಇಟ್ಟು ಹೊಡೆಯೋ ಹಬ್ಬ. ಈ ಸಲ ಏರ್ ಗನ್ನಿನ ಪಂದ್ಯ. ಮಗನಿಗೆ ದೇಚಮ್ಮನ್ನ ಕೊಡು ಅಂತ ಬೊಳ್ಳವ್ವ ಕೇಳಿದ್ದಕ್ಕೆ, ಹುಡುಗಿಯ ಅಪ್ಪ ಅಪ್ಪಚ್ಚು ಮೀಸೆ ತಿರುವಿ, "ನಿನ್ನ ಮಗ ಹಬ್ಬದ ಕಾಯಿಗೆ ಹೊಡೀಲಿ, ಕೊಡ್ತೀನಿ" ಅಂದಿದ್ದ. ಸೊಸೆ ಬರೋದು ಬಿಡೋದು ಎಲ್ಲಾ ಒಂದು ತೆಂಗಿನಕಾಯಿ ಮೇಲೆ ನಿಂತಿತ್ತು.

"ಮಗನೇ, ಮಡಿಕೇರಿಗೆ ಹೋಗಿ ನಮ್ಮ ಏರ್ ಗನ್ನಿಗೆ ಒಂದು ಸ್ಕೋಪು ತಾ. ದೂರದ ಕಾಯಿ ಹತ್ತಿರ ಕಾಣ್ಬೇಕು. ಗಾಜು ಚೆನ್ನಾಗಿ ನೋಡು, ಒಂದು ಗೆರೆಯೂ ಇರಬಾರದು!"

"ಅಷ್ಟೇ ತಾನೇ?"

ಹೋದ. ಅಂಗಡಿಯವನು ಒಂದು ಸ್ಕೋಪು ಕೊಟ್ಟ. ಪೂಣಚ್ಚ ಒಳಗೆ ನೋಡಿದ. "ಇದರಲ್ಲಿ ಗೆರೆ ಇದೆ, ಬೇಡ!" ಇನ್ನೊಂದು ಕೊಟ್ಟ. "ಇದರಲ್ಲೂ ಗೆರೆ, ಬೇಡ!" ಮತ್ತೊಂದು ಕೊಟ್ಟ. "ಅಯ್ಯೋ, ಇದರಲ್ಲಿ ಗೆರೆ ಜೊತೆಗೆ ಚುಕ್ಕಿ ಬೇರೆ!" ಅಂಗಡಿಯವನಿಗೆ ತಲೆ ಕೆಟ್ಟಿತು. "ಗೆರೆ ಇಲ್ಲದ್ದು ಬೇಕಾದರೆ ನಲ್ಲಿ ಪೈಪು ತಗೊಂಡು ಹೋಗು ಮಾರಾಯ!"

ಪೂಣಚ್ಚ ನಲ್ಲಿ ಪೈಪು ತಗೊಂಡು ಬಂದ. "ಅವ್ವಾ, ಒಂದು ಗೆರೆ ಇಲ್ಲ! ಗಾಜೂ ಇಲ್ಲ!"

"ಅಯ್ಯೋ ಪೆದ್ದೇ! ನಾನು ಹೇಳಿದ್ದು ಗಾಜಿನ ಮೇಲೆ ಗೀಚಿದ ಗೆರೆ. ಒಳಗೆ ಗೆರೆ ಬೇಕೋ! ಗೆರೆ ನೋಡೇ ಗುರಿ ಹಿಡಿಯೋದು. ಗೆರೆ ಇರೋದು ತಾ!"

"ಅಷ್ಟೇ ತಾನೇ?"

ಹೋದ. ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗೆರೆ ಇದ್ದದ್ದನ್ನೇ ಆರಿಸಿ ತಂದ. ಅಡ್ಡಗೆರೆ, ಉದ್ದಗೆರೆ, ಮೇಲೆ ಕೆಳಗೆ ಚುಕ್ಕಿ, ಪಕ್ಕದಲ್ಲಿ ಅಂಕಿ. ಬೊಳ್ಳವ್ವ ಹಲಸಿನ ಮರಕ್ಕೆ ಕಾಯಿ ಕಟ್ಟಿ ಸ್ಕೋಪಿನಲ್ಲಿ ನೋಡಿದಳು. ಗೆರೆ ಕಂಡಿತು, ಕಾಯಿ ಎಲ್ಲಿ?

"ಇದೇನೋ, ಬಲೆ ತಂದಿದ್ದೀಯಾ? ಅಡ್ಡ ಒಂದು, ಉದ್ದ ಒಂದು, ಅಷ್ಟೇ ಸಾಕು. ಗೆರೆ ತೆಳ್ಳಗಿರಲಿ. ಕಾಯಿ ಕಾಣ್ಬೇಕು, ಸುತ್ತ ಮರವೂ ಕಾಣ್ಬೇಕು!"

ಹೋದ, ತಂದ. ಈ ಸಲ ಸರಿಯಾದ್ದೇ ತಂದ! ಆದರೆ ಗನ್ನಿನ ಮೇಲೆ ಹಿಂದುಮುಂದಾಗಿ ಕೂರಿಸಿದ. "ಅವ್ವಾ, ಮರ ಕಾಣ್ತದೆ, ತೋಟ ಕಾಣ್ತದೆ, ಬೆಟ್ಟ ಕಾಣ್ತದೆ! ಕಾಯಿ ಮಾತ್ರ ಸಾಸಿವೆ ಆಗಿದೆ!"

"ತಿರುಗಿಸೋ ದಡ್ಡ! ಕಣ್ಣು ತಗೊಂಡು ಹೋಗಿ ಅಂಟಿಸಬೇಡ. ಕಣ್ಣಿಗೂ ಸ್ಕೋಪಿಗೂ ನಡುವೆ ನಾಲ್ಕು ಬೆರಳು ಇರಲಿ!"

ತಿರುಗಿಸಿದ. ನಡುವೆ ನಾಲ್ಕು ಬೆರಳು ಇಟ್ಟ. "ಅವ್ವಾ, ಈಗ ಬೆರಳು ಬಿಟ್ಟು ಏನೂ ಕಾಣಲ್ಲ!"

ಬೊಳ್ಳವ್ವನಿಗೆ ಅಳು ಬಂತು. ಆದರೂ ಗಟ್ಟಿ ಹೆಂಗಸು. ತಾನೇ ಕೂತಳು. ಜಗಲಿಯ ಕಟ್ಟೆ ಮೇಲೆ ಗನ್ನಿಟ್ಟಳು, ಸ್ಕೋಪಿನ ತಿರುಪು ಆ ಕಡೆ ಈ ಕಡೆ ತಿರುಗಿಸಿ, ಎರಡು ಗೆರೆ ಕೂಡೋ ಜಾಗದಲ್ಲೇ ಗುಂಡು ಬೀಳೋ ಹಾಗೆ ಮಾಡಿದಳು. "ನೋಡು, ಗುರಿ ಸರಿಯಾಗಿ ಕೂತಿದೆ. ಇನ್ನು ಹಬ್ಬದವರೆಗೆ ಇದನ್ನ ಅಲುಗಾಡಿಸಿದೆಯೋ, ನೀನಿಲ್ಲ ನಾನಿಲ್ಲ!"

"ಅಷ್ಟೇ ತಾನೇ? ಆಯ್ತು ಅಂತಲೇ ತಿಳ್ಕೋ!"

ಹಬ್ಬದ ದಿನ ಬೊಳ್ಳವ್ವ ಮುಂಚೆಯೇ ಮೈದಾನಕ್ಕೆ ಹೋದಳು. ಒಬ್ಬೊಬ್ಬರಾಗಿ ಹೊಡೆದರು, ಕಾಯಿ ಹಾಗೇ ತೂಗಾಡಿತು. ಪೂಣಚ್ಚನ ಸರದಿ ಬಂತು. ಎದೆಯುಬ್ಬಿಸಿ ಬಂದ, ಬರಿಗೈಯಲ್ಲಿ ಬಂದ!

"ಗನ್ನೆಲ್ಲೋ?" ಅಂದ ಅಪ್ಪಚ್ಚು.

"ಜಗಲಿಗೆ ಕಟ್ಟಿ ಬಂದಿದ್ದೀನಿ ಮಾವ. ಗುರಿ ಸರಿಯಾಗಿ ಕೂತಿದೆ, ಅಲುಗಾಡಿಸೋ ಹಾಗಿಲ್ಲ!"

ಅಂದವನೇ ಸರಸರ ಮರ ಹತ್ತಿದ. ಕಾಯಿ ಬಿಚ್ಚಿದ, ಕಂಕುಳಲ್ಲಿ ಇಟ್ಟುಕೊಂಡು ಮನೆ ಕಡೆ ಓಡಿದ. ಅವನ ಹಿಂದೆ ಅಪ್ಪಚ್ಚು, ಅಪ್ಪಚ್ಚು ಹಿಂದೆ ಬೊಳ್ಳವ್ವ, ಅವಳ ಹಿಂದೆ ಊರಿಗೆ ಊರೇ ಓಡಿತು. ಪೂಣಚ್ಚ ಹಲಸಿನ ಮರದ ಹಳೇ ಕಾಯಿ ಬಿಚ್ಚಿ ಹಬ್ಬದ ಕಾಯಿ ಕಟ್ಟಿದ, ಜಗಲಿಗೆ ಬಂದು ಕೂತ, ಟಪ್ ಅಂತ ಹೊಡೆದ. ಕಾಯಿಯ ನಟ್ಟನಡುವೆ ತೂತು! ನೀರು ತೊಟ್ಟಿಕ್ಕಿತು!

ದೇಚಮ್ಮ ಬಿದ್ದು ಬಿದ್ದು ನಕ್ಕಳು. ಅಪ್ಪಚ್ಚು ಮೀಸೆ ಕೆರೆದುಕೊಂಡ. ಕಾಯಿಗೆ ಹೊಡೀಲಿ ಅಂದಿದ್ದನೇ ಹೊರತು, ಎಲ್ಲಿ ಕೂತು ಹೊಡೀಬೇಕು ಅಂದಿರಲಿಲ್ಲ. ಅಪ್ಪಚ್ಚು ಎಲ್ಲಿ ಮಾತು ತಪ್ಪುತ್ತಾನೋ ಅಂತ ಬೊಳ್ಳವ್ವನಿಗೆ ಗಾಬರಿ. "ಹೋಗೋ ಮಗನೇ, ಮಾವನ ಕಾಲು ಹಿಡಿ! ಹೂಂ ಅನ್ನೋವರೆಗೂ ಬಿಡಬೇಡ!"

ಪೂಣಚ್ಚ ಓಡಿ ಹೋಗಿ ಎರಡೂ ಕಾಲು ಹಿಡಿದ.

"ಆಯ್ತಪ್ಪ ಆಯ್ತು!" ಅಂದ ಅಪ್ಪಚ್ಚು. ಪೂಣಚ್ಚ ಬಿಡಲಿಲ್ಲ. "ಒಪ್ಪಿದೆ ಕಣೋ!" ಅಂದ. ಬಿಡಲಿಲ್ಲ. "ಮಗಳನ್ನ ಕೊಟ್ಟೆ, ಕೊಟ್ಟೆ, ಕಾಲು ಬಿಡೋ!" ಅಂತ ಧೊಪ್ಪನೆ ಕೂತೇಬಿಟ್ಟ. ಬಿಡಲಿಲ್ಲ. ಒಳಗೆ ಹಬ್ಬಕ್ಕೆ ಬೇಯಿಸಿದ ಅಕ್ಕಿಯುಂಡೆ, ಕಡಂಬುಟ್ಟು, ಆರಿಹೋಯಿತು, ಊರಿನವರಿಗೆ ಹೊಟ್ಟೆ ಹಸಿಯಿತು.

ಕೊನೆಗೆ ದೇಚಮ್ಮ ನಗು ತಡೆದುಕೊಂಡು ಪಕ್ಕದಲ್ಲಿ ಬಂದು ಕೂತಳು. "ನಾನು ಹೂಂ ಅಂತಿದ್ದೀನಲ್ಲ, ಸಾಲದಾ?"

ಪೂಣಚ್ಚ ಹಿಡಿತ ಇನ್ನೂ ಬಿಗಿ ಮಾಡಿದ. "ನೀನು ಸುಮ್ಮನಿರು ದೇಚು, ಅವ್ವ ಹೇಳಿದ್ದು ಮಾವ ಹೂಂ ಅನ್ನಬೇಕು ಅಂತ!"