ಮೂರನೆಯ ಅರ್ಜಿ

ಸಹಕಾರ ಮಂಡಳಿಯೊಂದು ಒಂದೇ ಗುಮಾಸ್ತ ಹುದ್ದೆಗೆ ಮೂರು ಸಲ ಅರ್ಜಿ ಕರೆದಿತ್ತು, ಎರಡು ಸಲ ರದ್ದು ಮಾಡಿತ್ತು. ಪ್ರತಿ ಸಲವೂ ಶುಲ್ಕ ಐನೂರು, ವಾಪಸಿಲ್ಲ. ಮೂರನೆಯ ಸಲ ಮಹಾಲಿಂಗ ಅಕ್ಕನ ಓಲೆ ಅಡವಿಟ್ಟು ಸಂದರ್ಶನಕ್ಕೆ ಬಂದಿದ್ದ.

ಅಧ್ಯಕ್ಷರು ಕುರ್ಚಿಗೆ ಒರಗಿ ಕೇಳಿದರು: "ಎಂ.ಕಾಂ. ಅಂತೀರಿ. ನಮ್ಮ ಮಂಡಳಿ ನಷ್ಟದಲ್ಲಿದೆ. ಉಳಿತಾಯಕ್ಕೆ ಒಂದು ದಾರಿ ಹೇಳಿ ನೋಡೋಣ."

"ಈ ಹುದ್ದೆ ತುಂಬಬೇಡಿ ಸಾರ್," ಎಂದ ಮಹಾಲಿಂಗ. "ನಾಲ್ಕು ಸಾವಿರ ಜನ ಅರ್ಜಿ ಹಾಕ್ತೀವಿ, ಸಲಕ್ಕೆ ಇಪ್ಪತ್ತು ಲಕ್ಷ. ನನ್ನನ್ನ ತಗೊಂಡ್ರೆ ಆ ಆದಾಯ ನಿಲ್ಲುತ್ತೆ, ಮೇಲೆ ಸಂಬಳ ಬೇರೆ."

ಸದಸ್ಯರು ತಲೆ ತಗ್ಗಿಸಿದರು. ಅಧ್ಯಕ್ಷರು ಮಾತ್ರ ಪೆನ್ನು ತೆಗೆದು ಬರೆದುಕೊಂಡರು.

ಮುಂದಿನ ತಿಂಗಳು ನಾಲ್ಕನೆಯ ಪ್ರಕಟಣೆ ಬಂತು. ಶುಲ್ಕ ಆರುನೂರು. ಸಂದರ್ಶನದಲ್ಲಿ ಮಹಾಲಿಂಗನ ಉತ್ತರವನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು.