ಹನ್ನೆರಡಕ್ಕೆ ಹನ್ನೆರಡು

"ಗುರುಗಳೇ, ತಿಳಿಯದವರಿಗೆ ತಿಳಿವಳಿಕೆ ಕೊಟ್ಟರೆ ಅದರಿಂದ ಕೇಡಾಗುವುದುಂಟೇ?" ಎಂದು ಶಿಷ್ಯ ಕೇಳಿದ. ಮರುದಿನ ಅವನು ಹಳ್ಳಿಗಳಿಗೆ ಪಾಠ ಹೇಳಲು ಹೊರಡುವವನಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಹೇಳತೊಡಗಿದರು.

ಒಬ್ಬ ಸಂಶೋಧಕನಿದ್ದ. ಬಡವರು ಹಣದ ವ್ಯವಹಾರವನ್ನು ಎಷ್ಟು ಬಲ್ಲರು, ಕಲಿಸಿದರೆ ಅವರ ಬಾಳು ಎಷ್ಟು ಸುಧಾರಿಸುತ್ತದೆ ಎಂಬುದು ಅವನ ಅಧ್ಯಯನದ ವಿಷಯ. ಓದಿಕೊಂಡವನು, ಒಳ್ಳೆಯ ಮನಸ್ಸಿನವನು. ಉಣ್ಣೆ ನೂತು ಬದುಕುವವರ ಒಂದು ಊರಿಗೆ ಅವನು ಹನ್ನೆರಡು ಪ್ರಶ್ನೆಗಳ ಹಾಳೆ ಹಿಡಿದು ಬಂದ. ಬಡ್ಡಿ ಹೇಗೆ ಬೆಳೆಯುತ್ತದೆ, ಬೆಲೆ ಏರಿದರೆ ಕೂಡಿಟ್ಟ ಹಣ ಏನಾಗುತ್ತದೆ, ಇಂಥ ಪ್ರಶ್ನೆಗಳು.

ಮಾಳಮ್ಮ ಎಂಬ ಹೆಂಗಸು ಎರಡಕ್ಕೆ ಮಾತ್ರ ಸರಿಯುತ್ತರ ಕೊಟ್ಟಳು. ಅವಳು ದಿನವಿಡೀ ರಾಟೆಯ ಮುಂದೆ ಕೂರುವವಳು. ಕೂಲಿಯಲ್ಲಿ ಅಷ್ಟಿಷ್ಟು ಉಳಿಸಿ, ಮೂರು ವರ್ಷದಿಂದ ಪಕ್ಕದ ಮನೆಯ ಮುದುಕಿಯ ಕೈಗೆ ಕೊಡುತ್ತ ಬಂದಿದ್ದಳು. ಮಗಳು ಹತ್ತನೇ ತರಗತಿ ಮುಗಿಸುವುದರಲ್ಲಿದ್ದಳು. ಆ ಹಣದಿಂದ ಅವಳನ್ನು ಮುಂದೆ ನರ್ಸ್ ಓದಿಗೆ ಸೇರಿಸಬೇಕೆಂದು ತಾಯಿಯ ಆಸೆ.

ಸಂಶೋಧಕ ನಾಲ್ಕು ತಿಂಗಳು ಪಾಠ ಮಾಡಿದ. ಮಾಳಮ್ಮ ಎಲ್ಲರಿಗಿಂತ ಬೇಗ ಕಲಿತಳು. ಹೆಬ್ಬೆಟ್ಟು ಒತ್ತುತ್ತಿದ್ದವಳು ಸಹಿ ಹಾಕುವಂತಾದಳು. ಒಂದು ದಿನ ಅವನು ಮುದುಕಿಯ ಬಳಿಯ ಹಣದ ಮಾತೆತ್ತಿದ.

"ಅಲ್ಲಿ ಇಟ್ಟರೆ ಒಂದು ರೂಪಾಯಿಯೂ ಬೆಳೆಯುವುದಿಲ್ಲ. ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ ಅಮ್ಮಾ."

"ಬಡ್ಡಿ ಬರ್ತದೆ ಸಾರ್, ನೀವು ಹೇಳಿದ್ದು ಗೊತ್ತಾಯ್ತು. ಆದ್ರೆ ಅಜ್ಜಿ ಹತ್ರ ಇದ್ರೆ ನಮ್ಮ ಮನೆಯವರಿಗೆ ಗೊತ್ತಾಗಲ್ಲ."

"ದುಡ್ಡು ನೀವು ದುಡಿದದ್ದು. ಯಾರಿಗೆ ಹೆದರಬೇಕು?" ಎಂದ ಅವನು.

ಸುತ್ತ ಕುಳಿತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆದರುವುದು ತಿಳಿಗೇಡಿತನ ಎಂದು ಮೇಷ್ಟ್ರು ಅಂದುಕೊಂಡಾರೆಂದು ಮಾಳಮ್ಮನಿಗೆ ನಾಚಿಕೆಯಾಯಿತು. ಆ ವಾರವೇ ಖಾತೆ ತೆರೆದು ಮುದುಕಿಯ ಬಳಿಯಿದ್ದ ಹಣವನ್ನೆಲ್ಲ ಅದಕ್ಕೆ ಕಟ್ಟಿದಳು. ಪಾಠದ ಕೊನೆಯ ದಿನ ಹನ್ನೆರಡರಲ್ಲಿ ಹನ್ನೊಂದು ಸರಿ ಹೇಳಿದಳು. ಸಂಶೋಧಕ ಸಂತೋಷದಿಂದ ಪಟ್ಟಣಕ್ಕೆ ಮರಳಿದ.

ಕಲಿತದ್ದು ನೆನಪಿದೆಯೇ ಎಂದು ಪರೀಕ್ಷಿಸಲು ವರ್ಷ ಕಳೆದ ಮೇಲೆ ಅವನು ಮತ್ತೆ ಬಂದ. ಮಾಳಮ್ಮ ಒಂದೂ ತಪ್ಪದೆ ಹನ್ನೆರಡನ್ನೂ ಹೇಳಿದಳು. ಅವನು ಹಿಗ್ಗಿ, "ಪಾಸ್‌ಬುಕ್ ತೋರಿಸಿ ಅಮ್ಮಾ" ಎಂದ. ಅವಳು ಒಳಗಿನಿಂದ ತಂದು ಕೊಟ್ಟಳು. ಖಾತೆಯಲ್ಲಿ ಇದ್ದದ್ದು ನಲವತ್ತು ರೂಪಾಯಿ.

"ಇದೇನಾಯ್ತು?"

"ನನ್ನ ಹತ್ರ ಫೋನ್ ಇಲ್ಲವಲ್ಲ ಸಾರ್. ಅರ್ಜೀಲಿ ನಮ್ಮ ಮನೆಯವರ ನಂಬರ್ ಬರೆಸಿದ್ವಿ. ದುಡ್ಡು ಕಟ್ಟಿದ ದಿನಾನೇ ಅವರ ಫೋನಿಗೆ ಮೆಸೇಜ್ ಹೋಯ್ತು. ಮೈದುನನ ಮದುವೆ ನಿಶ್ಚಯ ಆಗಿತ್ತು. ಮೂರು ವರ್ಷ ಮನೆಯವರ ಕಣ್ಣಿಗೆ ಮಣ್ಣೆರಚಿದೆ ಅಂತ ಎಲ್ಲರೂ ಸೇರಿ ಅಂದ್ರು. ಬ್ಯಾಂಕಿಗೆ ಕರ್ಕೊಂಡು ಹೋದ್ರು. ನಾನೇ ಸಹಿ ಹಾಕಿದೆ."

ಅವನು ತಲೆಯೆತ್ತಿ ನೋಡಿದ. ಪಕ್ಕದಲ್ಲಿ ಇನ್ನೊಂದು ರಾಟೆ ತಿರುಗುತ್ತಿತ್ತು. ಅದರ ಮುಂದೆ ಮಗಳು ಕುಳಿತಿದ್ದಳು. ಅವಳು ಇವರ ಕಡೆ ನೋಡಲಿಲ್ಲ.

ಸಂಶೋಧಕ ಪಾಸ್‌ಬುಕ್ ಮುಚ್ಚಿದ. "ನನ್ನ ಮೇಲೆ ಸಿಟ್ಟಿಲ್ಲವೇ ಅಮ್ಮಾ?" ಎಂದು ಕೇಳಿದ.

"ಸಿಟ್ಟು ಯಾಕೆ ಸಾರ್? ನೀವು ಹೇಳಿದ್ರಲ್ಲಿ ಸುಳ್ಳು ಏನಿತ್ತು?" ಎಂದಳು ಮಾಳಮ್ಮ. ಅವನಿಗೆ ಕುಡಿಯಲು ನೀರು ತಂದಿಟ್ಟು ಮತ್ತೆ ನೂಲಲು ಕುಳಿತಳು.

ಅವನು ಅಂದು ಮತ್ತಾರನ್ನೂ ಪರೀಕ್ಷಿಸಲಿಲ್ಲ. ಮನೆಮನೆಗೆ ಹೋಗಿ, ಹಾಳೆಯನ್ನು ಚೀಲದಿಂದ ತೆಗೆಯದೆ, ಹೆಂಗಸರು ಹೇಳಿದ್ದನ್ನು ಕೇಳಿದ. ಇನ್ನೂ ಆರು ಮನೆಗಳಲ್ಲಿ ಅದೇ ಕತೆ. ಪಟ್ಟಣಕ್ಕೆ ಹೋಗಿ ಎಲ್ಲವನ್ನೂ ವರದಿಯಲ್ಲಿ ಬರೆದ.

ಅವನನ್ನು ಕಳುಹಿಸಿದ್ದ ಸಂಸ್ಥೆಯ ಹಿರಿಯ ಅದನ್ನು ಓದಿದ. "ಆ ಹೆಂಗಸಿನ ಅಂಕ ಮೊದಲು ಎರಡು, ಆಮೇಲೆ ಹನ್ನೊಂದು, ಈಗ ಹನ್ನೆರಡು. ಇಷ್ಟು ಒಳ್ಳೆಯ ಫಲಿತಾಂಶ ಬೇರೆ ಯಾವ ಊರಿನಿಂದಲೂ ಬಂದಿಲ್ಲ. ಮನೆಯೊಳಗಿನ ಜಗಳ ನಮ್ಮ ಅಧ್ಯಯನಕ್ಕೆ ಸೇರಿದ್ದಲ್ಲ" ಎಂದ. ಆ ಪುಟಗಳನ್ನು ತೆಗೆಸಿದ. ಉಳಿದದ್ದನ್ನು ಸಹಿಗಾಗಿ ಮುಂದಿಟ್ಟ. ಇದೇ ಪಾಠವನ್ನು ಇನ್ನೂ ನೂರು ಹಳ್ಳಿಗಳಲ್ಲಿ ನಡೆಸಬೇಕೆಂದು ಅದರ ಕೊನೆಯಲ್ಲಿ ಬರೆದಿತ್ತು.

ಸಂಶೋಧಕ ಪೆನ್ನು ಹಿಡಿದು ಬಹಳ ಹೊತ್ತು ಕುಳಿತ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಕೊನೆಗೆ ಆ ವರದಿ ಏನಾಯಿತು ಗುರುಗಳೇ? ಅವನು ಸಹಿ ಹಾಕಿದನೇ?"

ಗುರುಗಳು ಅವನನ್ನೇ ನೋಡಿದರು.

"ಆ ಹುಡುಗಿ ಏನಾದಳೆಂದು ನೀನೂ ಕೇಳಲಿಲ್ಲ."